ಅಂಚಿಗೆ ಮಾತ್ರ ಗೋಂದು

ನನ್ನ ಅಣ್ಣನ ಮಗಳು ಅನಿತಾ ಈ ವರ್ಷ ಸರ್ಕಾರಿ ಕೆಲಸಕ್ಕೆ ಸೇರಿದಳು. ಸೇರಿದ ವಾರವೇ ಕೊಕ್ಕರ್ಣೆಯ ನಮ್ಮ ಮನೆಗೆ ಬಂದು, "ಅತ್ತೆ, ಕಚೇರಿಲಿ ಎಂತ ಮಾಡ್ಕ್, ಎಂತ ಮಾಡುಕಾಗ ಅಂದ್ ಒಂದ್ ಪಟ್ಟಿ ಬರ್ದ್ ಕೊಡಿ" ಎಂದಳು. ಮಾಡಬೇಕಾದ್ದು, ಮಾಡಬಾರದ್ದು ಬರೆಯಲು ನಾನು ಕಾಗದ ತೆಗೆದುಕೊಂಡು ಕುಳಿತೆ. ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವಳಿಗೆ ಎರಡು ಪುಟವಾದರೂ ಆಗುತ್ತದೆ ಎಂದುಕೊಂಡಿದ್ದೆ. ಒಂದು ಗಂಟೆಯ ನಂತರ ಕಾಗದದ ಮೇಲೆ ಒಂದೇ ಸಾಲು ಇತ್ತು: 'ಅಂಚಿಗೆ ಮಾತ್ರ ಗೋಂದು ಹಚ್ಚು.'

ಅವಳು ಅದನ್ನು ಓದಿ, ನಿವೃತ್ತರನ್ನು ಎಲ್ಲರೂ ನೋಡುವ ಹಾಗೆ ನನ್ನನ್ನು ನೋಡಿ, ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆ ಸಾಲಿನ ಹಿಂದಿನ ಕತೆ ಹೇಳದಿದ್ದರೆ ಅವಳ ತಪ್ಪೇನಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ಕಡೆ ಕೆಲಸ ಮಾಡಿದ್ದೇನೆ. ಯಾವುದು ಯಾವ ಕಚೇರಿಯಲ್ಲಿ ನಡೆಯಿತು ಎಂದು ಹೇಳುವುದಿಲ್ಲ. ಕೇಳಿದವರಿಗೆಲ್ಲ ಅದು ಪಕ್ಕದ ತಾಲೂಕಿನದು ಎಂದೇ ಹೇಳುತ್ತ ಬಂದಿದ್ದೇನೆ. ಬಡ್ತಿಯ ಬಗ್ಗೆಯೂ ಬರೆಯುವುದಿಲ್ಲ. ಬಂತು, ತಡವಾಗಿ ಬಂತು, ನನ್ನ ಕುರ್ಚಿ ಕಿಟಕಿಯ ಹತ್ತಿರಕ್ಕೆ ಹೋಯಿತು. ಅಷ್ಟೇ.

ಕೆಲಸಕ್ಕೆ ಸೇರಿದ ದಿನ ಹೆಡ್ ಕ್ಲರ್ಕ್ ಹೊಳ್ಳರು ನನ್ನಿಂದ ನಾಲ್ಕು ಸಾಲು ಬರೆಸಿ ನೋಡಿದರು. ಸಾಲಿಗ್ರಾಮದ ಕಡೆಯವರು, ತೆಳ್ಳಗಿನ ಮನುಷ್ಯ, ನಗುವುದು ಸರ್ಕಾರಿ ವೇಳೆಯ ನಂತರ. ಅಕ್ಷರ ಪರವಾಗಿಲ್ಲ ಎಂದು ಕಾನೂನು ಪುಸ್ತಕಗಳ ಕಪಾಟನ್ನು ನನಗೆ ವಹಿಸಿದರು. ಕಪಾಟು ನನ್ನದಾಯಿತು, ಬೀಗದಕೈ ಅವರಲ್ಲೇ ಉಳಿಯಿತು. ಅದನ್ನು ಅವರು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಯಾರಾದರೂ ಪುಸ್ತಕ ಕೇಳಿದರೆ ಅವರು ಅಂಗಿಯ ಎರಡು ಗುಂಡಿ ಬಿಚ್ಚಬೇಕಾಗುತ್ತಿತ್ತು. ಹಾಗಾಗಿ ಯಾರೂ ಕೇಳುತ್ತಿರಲಿಲ್ಲ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಸರ್ಕಾರ ನಿಯಮ ಮಾಡಿದಾಗ ಅದು ಪುಸ್ತಕವಾಗಿ ಕಚೇರಿಗೆ ಬರುತ್ತದೆ. ವರ್ಷದೊಳಗೆ ಅದನ್ನು ತಿದ್ದುತ್ತಾರೆ. ತಿದ್ದಿದ್ದಕ್ಕೆ ಹೊಸ ಪುಸ್ತಕ ಬರುವುದಿಲ್ಲ, ತಿದ್ದುಪಡಿ ಚೀಟಿ ಬರುತ್ತದೆ. ಯಾವ ಪುಟದ ಯಾವ ಪ್ಯಾರಾದ ಬದಲು ಯಾವ ಪ್ಯಾರಾ ಓದಿಕೊಳ್ಳಬೇಕು ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಅದನ್ನು ಆಯಾ ಪುಟದಲ್ಲಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದು, ಚಿಕ್ಕ ಸಹಿ ಹಾಕಬೇಕು. ಈ ನಾಡಿನ ಕಾನೂನು ಬಹಳ ವರ್ಷ ನಡೆದದ್ದು ಗೋಂದಿನ ಮೇಲೆ.

ಹೊಳ್ಳರು ಮೊದಲ ಚೀಟಿಯನ್ನು ತಾವೇ ಅಂಟಿಸಿ ತೋರಿಸಿದರು. ಎಡಗಡೆಯ ಅಂಚಿಗೆ ಮಾತ್ರ ಬೆರಳಿನಿಂದ ತೆಳ್ಳಗೆ ಗೋಂದು ಎಳೆದರು.

"ಕಾಣ್ ಹೆಣೆ, ಅಂಚಿಗ್ ಮಾತ್ರ. ಚೀಟಿ ಬಾಗ್ಲ್ ಇದ್ದಾಂಗ್ ತೆರಿಕ್. ಹೊಸ್ತ್ ಓದ್ದವ ಅಡಿದ್ದೂ ಓದ್ಕ್."

"ಅಡಿದ್ದ್ ರದ್ದ್ ಆಯ್ತಲ್ದಾ ಸರ್? ಅದ್ನ ಎಂತಕ್ ಓದುದ್?" ಎಂದು ಕೇಳಿದೆ.

"ರದ್ದ್ ಆದ್ದ್ ಎಷ್ಟ್, ಉಳ್ದದ್ದ್ ಎಷ್ಟ್ ಅಂದ್ ನಿಂಗೆ ಗೊತ್ತಿತ್ತಾ?" ಎಂದರು.

ನನಗೆ ಗೊತ್ತಿರಲಿಲ್ಲ. ಆದರೂ ಮುದುಕರ ಹಟ ಎಂದುಕೊಂಡೆ. ಆಗ ನನಗೆ ಇಪ್ಪತ್ತಾರು.

ಹೊಳ್ಳರು ನಿವೃತ್ತರಾದ ಮೇಲೆ ಬೀಗದಕೈ ನನಗೆ ಬಂತು. ನಾನು ಅದನ್ನು ಊಟದ ಡಬ್ಬಿಯೊಳಗೆ ಇಡುತ್ತಿದ್ದೆ. ಅಲ್ಲಿ ಅದು ಜನಿವಾರಕ್ಕಿಂತ ಭದ್ರ. ಸ್ವಲ್ಪ ದಿನದಲ್ಲೇ ಅಂಚಿನ ಗೋಂದಿನ ತೊಂದರೆ ಶುರುವಾಯಿತು. ನಮ್ಮ ಕಡೆ ಮಳೆಗಾಲದಲ್ಲಿ ಗೋಂದು ಬಿಡುತ್ತದೆ. ಫ್ಯಾನ್ ಹಾಕಿದರೆ ಚೀಟಿಗಳು ಪುಸ್ತಕದಿಂದ ಹಾರುತ್ತವೆ. ಒಂದು ತಿದ್ದುಪಡಿ ರಜೆಯ ರಿಜಿಸ್ಟರಿನಲ್ಲಿ ಸಿಕ್ಕಿತು. ಇನ್ನೊಂದನ್ನು ಹುಡುಕಿ ಹುಡುಕಿ ಸುಸ್ತಾದಾಗ ಆಗಿನ ಸಾಹೇಬರು ಎಲ್ಲರ ಎದುರು, "ಕಾನೂನನ್ನೇ ಕಳೆದುಕೊಂಡಿದ್ದೀರಲ್ಲಮ್ಮ" ಎಂದರು. ಆ ಮಾತು ನನಗೆ ಚುಚ್ಚಿತು. ಮನೆಗೆ ಹೋಗಿ ಮೈದಾ ಕುದಿಸಿದೆ. ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತು ಹಾಕಿದೆ. ಮರುದಿನದಿಂದ ಚೀಟಿಯ ಹಿಂಬದಿಗೆ ಪೂರ್ತಿ ಅಂಟು ಬಳಿದು, ಮೇಲೆ ದಪ್ಪ ರಿಜಿಸ್ಟರು ಹೇರಿ ಕೂರಿಸತೊಡಗಿದೆ. ಆಮೇಲೆ ಒಂದು ಚೀಟಿಯೂ ಹಾರಲಿಲ್ಲ.

ಮರು ವರ್ಷ ತಪಾಸಣೆಗೆ ಬಂದ ಅಧಿಕಾರಿ ಪುಸ್ತಕಗಳನ್ನು ತೆಗೆಸಿ, ಪುಟಗಳ ಮೇಲೆ ಕೈಯಾಡಿಸಿ, 'ಪುಸ್ತಕಗಳನ್ನು ಅತ್ಯಂತ ಅಚ್ಚುಕಟ್ಟಾಗಿ ಇಡಲಾಗಿದೆ' ಎಂದು ವರದಿಯಲ್ಲಿ ಬರೆದರು. ಆ ಸಾಲನ್ನು ನಕಲು ಮಾಡಿಕೊಂಡು ಮನೆಗೆ ತಂದೆ. ನನ್ನ ಸೇವೆಯಲ್ಲಿ ಬರವಣಿಗೆಯಲ್ಲಿ ಸಿಕ್ಕ ಹೊಗಳಿಕೆ ಅದೊಂದೇ, ಸಿಕ್ಕಿದ್ದೂ ತಪ್ಪು ಕೆಲಸಕ್ಕೆ.

ರಾಜ್ಯಪತ್ರದ ಕತೆ ಬೇರೆ. ಗೆಜೆಟ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹೊಸ ಕಾಯ್ದೆ, ನಿಯಮ, ಅಧಿಸೂಚನೆ ಎಲ್ಲವೂ ಅದರಲ್ಲಿ ಅಚ್ಚಾಗುತ್ತದೆ, ಅಚ್ಚಾದರೆ ಇಡೀ ರಾಜ್ಯಕ್ಕೆ ತಿಳಿದಂತೆ ಲೆಕ್ಕ. ನಮ್ಮಲ್ಲಿ ಅದು ಟಪಾಲಿನಲ್ಲಿ ಬಂದು, ದಾರ ಕೂಡ ಬಿಚ್ಚದೆ ಅಟ್ಟ ಸೇರಿ, ಅಟ್ಟ ತುಂಬಿದಾಗ ರದ್ದಿಗೆ ಹೋಗುತ್ತಿತ್ತು. ಒಮ್ಮೆ ಹಾಲಾಡಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ಶೀನಣ್ಣನ ಅಂಗಡಿಯಲ್ಲಿ ಗೋಳಿಬಜೆ ಕಟ್ಟಿಸಿಕೊಂಡೆ. ಶೀನಣ್ಣ ಕಟ್ಟುವ ಮೊದಲು ಪ್ರತಿ ಹಾಳೆಯನ್ನೂ ಓದುವವನು.

"ಹ್ವಾಯ್ ಮೇಡಮ್ರೆ, ಇದ್ರಗೆ ಅರ್ಜಿ ನಮೂನಿ ಬದ್ಲ್ ಆಯ್ತ್ ಅಂದ್ ಇತ್ತ್. ನಿಮ್ಮ್ ಕಚೇರಿಲಿ ಇನ್ನೂ ಹಳಿದೇ ತಕಂತ್ರ್ ಅಂಬ್ರ್?"

"ನಮ್ಗಿನ್ನೂ ಬರ್ಲಿಲ್ಲ ಶೀನಣ್ಣ. ಬಂದ್ ಮೇಲ್ ಕಾಂಬ" ಎಂದೆ.

"ನಿಮ್ಮಲ್ಲಿಂದ್ಲೇ ಬಂದದ್ದ್ ಮಾರಾಯ್ರೆ. ಕಾಣಿ, ನಿಮ್ಮ್ ಕಚೇರಿ ಸೀಲ್."

ಗೋಳಿಬಜೆಯನ್ನು ಬೇರೆ ಕಾಗದಕ್ಕೆ ಕಟ್ಟಿಸಿಕೊಂಡು ಆ ಹಾಳೆಯನ್ನು ವಾಪಸು ತಂದೆ. ಎಣ್ಣೆ ಕಲೆಯ ಸಮೇತ ಅದೇ ಕಡತ ಸೇರಿತು. ಅದರ ಆಧಾರದ ಮೇಲೆ ಹೊಸ ನಮೂನೆ ಜಾರಿಗೆ ಬಂತು. ಎಣ್ಣೆ ಎಲ್ಲಿಂದ ಬಂತು ಎಂದು ಯಾರೂ ಟಿಪ್ಪಣಿ ಹಾಕಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಇನ್ನು ಕಾನೂನೆಲ್ಲ ವೆಬ್‌ಸೈಟಿನಲ್ಲಿ ಸಿಗುತ್ತದೆ, ಚೀಟಿ ಅಂಟಿಸುವ ಕೆಲಸ ಮುಗಿಯಿತು ಎಂದು ಸುತ್ತೋಲೆ ಬಂತು. ನಾವು ತೆರೆದು ನೋಡಿದೆವು. ಅಕ್ಷರಗಳ ಜಾಗದಲ್ಲಿ ಸಾಲಾಗಿ ಚೌಕಗಳಿದ್ದವು. ಯಾವುದೋ ಹಳೆಯ ಫಾಂಟು ಬೇಕಂತೆ, ಅದು ಜಿಲ್ಲಾ ಕಚೇರಿಯ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇದೆಯಂತೆ. ಚೌಕಗಳನ್ನು ಮುದ್ರಿಸಿ ಕಡತಕ್ಕೆ ಹಾಕಿ ಮತ್ತೆ ಪುಸ್ತಕಕ್ಕೇ ಬಂದೆವು.

ಹೀಗಿರುವಾಗ ಒಂದು ಮಧ್ಯಾಹ್ನ ಮೇಲಿನಿಂದ ತುರ್ತು ಸಂದೇಶ. ವಿಧಾನಸಭೆಯಲ್ಲಿ ಯಾರೋ ಸದಸ್ಯರು ಪ್ರಶ್ನೆ ಕೇಳಿದ್ದಾರೆ: ಕಚೇರಿಗಳಲ್ಲಿ ಕಾಯ್ದೆ, ನಿಯಮಗಳ ಪುಸ್ತಕಗಳು ಸಾರ್ವಜನಿಕರಿಗೆ ನೋಡಲು ಸಿಗುತ್ತವೆಯೇ? ಸಿಗುವುದಾದರೆ ಎಲ್ಲಿ? ಸಂಜೆಯೊಳಗೆ ಉತ್ತರ ಹೋಗಬೇಕು. ಸಾಹೇಬರು ನನ್ನನ್ನು ಕರೆದರು.

"ಸಿಗುತ್ತದೆ ಅಂತ ಬರೀರಿ."

"ಎಲ್ಲಿ ಅಂತ ಬರೀಲಿ ಸರ್?"

ಅವರು ಯೋಚಿಸಿದರು. "ಮೊದಲು ಒಂದು ಬೋರ್ಡ್ ಹಾಕಿಸಿ. ಆಮೇಲೆ ಬರೀರಿ."

ಪೇಂಟರ್ ನಾಲ್ಕು ಗಂಟೆಗೆ ಬಂದ. ನೀಲಿ ತಗಡಿನ ಮೇಲೆ ಹಳದಿ ಅಕ್ಷರದಲ್ಲಿ, 'ಕಾಯ್ದೆ, ನಿಯಮ ಹಾಗೂ ರಾಜ್ಯಪತ್ರಗಳು ಸಾರ್ವಜನಿಕರ ವೀಕ್ಷಣೆಗೆ ಇಲ್ಲಿ ಲಭ್ಯ' ಎಂದು ಬರೆದು, ಕೆಳಗೆ ಒಂದು ಬಾಣ ಹಾಕಿದ. ಬಾಣ ನನ್ನ ಮೇಜಿನ ಕಡೆ ತಿರುಗಿತ್ತು. ಐದು ಗಂಟೆಗೆ ಸತ್ಯವಾದ ಉತ್ತರ ಬೆಂಗಳೂರಿಗೆ ಹೋಯಿತು. ಆಮೇಲೆ ಏಳೆಂಟು ವರ್ಷ ಆ ಬೋರ್ಡಿನ ಕೆಳಗೆ ಜನ ಕೊಡೆ ಒಣಗಿಸಿದರು. ಪುಸ್ತಕ ಯಾರೂ ಕೇಳಲಿಲ್ಲ.

ಮೊದಲು ಕೇಳಿದವರು ಜಲಜಕ್ಕ.

ಅವರ ಊರಿನ ಹೆಸರನ್ನೂ ಬರೆಯುವುದಿಲ್ಲ, ಬರೆದರೆ ಕಚೇರಿ ಯಾವುದೆಂದು ಗೊತ್ತಾಗುತ್ತದೆ. ಗೇರುಬೀಜದ ಕಾರ್ಖಾನೆಯಲ್ಲಿ ಬೀಜದ ಸಿಪ್ಪೆ ಬಿಡಿಸುವ ಕೆಲಸ. ಐವತ್ತರ ಆಸುಪಾಸು. ಸರ್ಕಾರಿ ಜಾಗದಲ್ಲಿ ಹೆಂಚಿನ ಚಿಕ್ಕ ಮನೆ. ಅಂಥ ಮನೆಯವರಿಗೆ ಹಕ್ಕುಪತ್ರ ಕೊಡುವ ಹಳೆಯ ನಿಯಮದಡಿ ಮತ್ತೆ ಅರ್ಜಿ ಕರೆದಾಗ ಅವರ ಗಂಡ ಆಸ್ಪತ್ರೆಯಲ್ಲಿದ್ದರು. ತಿಂಗಳುಗಟ್ಟಲೆ ಅಲ್ಲೇ ಇದ್ದು ತೀರಿಕೊಂಡರು. ಕ್ರಿಯೆಯೆಲ್ಲ ಮುಗಿಸಿ ಇವರು ಅರ್ಜಿ ಕೊಡುವ ಹೊತ್ತಿಗೆ ಗಡುವು ದಾಟಿ ಇಪ್ಪತ್ತು ದಿನವಾಗಿತ್ತು. 'ಅವಧಿ ಮೀರಿದ್ದರಿಂದ ತಿರಸ್ಕರಿಸಲಾಗಿದೆ, ನಿಯಮದಲ್ಲಿ ಅವಕಾಶವಿರುವುದಿಲ್ಲ' ಎಂದು ನಮ್ಮ ಕಚೇರಿ ಹಿಂಬರಹ ಕೊಟ್ಟಿತು. ಅದರ ಬೆನ್ನಿಗೇ ಮನೆ ತೆರವು ಮಾಡಲು ನೋಟಿಸು ಹೋಯಿತು. ಆ ಹಿಂಬರಹವನ್ನು ಬರೆದದ್ದು ನಾನೇ. ಪುಸ್ತಕ ನೋಡಿಕೊಂಡೇ ಬರೆದಿದ್ದೆ.

ಒಂದು ಬುಧವಾರ ಅವರು ಅರ್ಧ ದಿನದ ಕೆಲಸ ಬಿಟ್ಟು ಬಂದು ನನ್ನ ಮೇಜಿನ ಎದುರು ನಿಂತರು.

"ನಿಯಮದಗ್ ಇಲ್ಲ ಅಂದ್ ಬರ್ದಿರಲ್ದಾ. ಆ ನಿಯಮ ನಂಗೊಂದ್ ಸಲ ಕಾಣ್ಕ್."

"ಅದೆಲ್ಲ ತೋರಿಸುವ ಕ್ರಮ ಇಲ್ಲಮ್ಮ."

ಅವರು ಹಿಂದೆ ತಿರುಗಿ ಬೋರ್ಡನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಓದಿ ಮುಗಿಸಿ ನನ್ನ ಕಡೆ ತಿರುಗಿದರು. "ಏಳ್ನೇ ಕ್ಲಾಸ್ ಕಲ್ತಿದ್ದೆ" ಎಂದರು.

ನನಗೆ ಸಿಟ್ಟು ಬಂತು. ಬೋರ್ಡು ವಿಧಾನಸಭೆಗೆಂದು ಹಾಕಿದ್ದು, ಇವರಿಗೆಂದಲ್ಲ. ಬೀಗದಕೈ ಇವತ್ತು ಮನೆಯಲ್ಲಿದೆ ಎಂದೆ. ಬೀಗದಕೈ ನನ್ನ ಕಾಲ ಬುಡದಲ್ಲಿ ಡಬ್ಬಿಯೊಳಗಿತ್ತು. ಮುಂದಿನ ಬುಧವಾರ ಬಂದರು. ಸಾಹೇಬರು ಇಲ್ಲ ಎಂದೆ. ಅದರ ಮುಂದಿನ ಬುಧವಾರ ಬಂದರು. ಕಂಪ್ಯೂಟರಿನಲ್ಲಿದೆ, ಫೋನಿನಲ್ಲಿ ನೋಡಿಕೊಳ್ಳಿ ಎಂದೆ. ಅವರು ಸೆರಗಿನ ಗಂಟಿನಿಂದ ಗುಂಡಿ ಒತ್ತುವ ಚಿಕ್ಕ ಫೋನು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಎಲ್ ಇತ್ತ್, ನೀವೇ ತೋರ್ಸಿ."

ನಡುವೆ ಒಬ್ಬ ವಕೀಲರನ್ನೂ ಕಂಡು ಬಂದಿದ್ದರು. ವಕೀಲರು ನೋಡಿ, ಅವಕಾಶವಿಲ್ಲ ಎಂದಿದ್ದರು. ವಕೀಲರ ಹತ್ತಿರ ಇದ್ದದ್ದು ನಮ್ಮ ಕಚೇರಿ ಹಿಂದೆ ಯಾವುದೋ ಪ್ರಕರಣಕ್ಕೆ ಕೊಟ್ಟಿದ್ದ, ಇದೇ ಪುಸ್ತಕದ ಪುಟದ ಜೆರಾಕ್ಸು.

ಕೊನೆಗೆ ಯಾರೋ ಹೇಳಿಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿದರು. ಅಷ್ಟು ಹೊತ್ತಿಗೆ ನಾನೇ ಮಾಹಿತಿ ಅಧಿಕಾರಿ. ಸಾಮಾನ್ಯವಾಗಿ ನಾವು ಕೊಡುತ್ತಿದ್ದ ಉತ್ತರ ಸಿದ್ಧವಿತ್ತು: 'ಕೋರಿದ ಮಾಹಿತಿಯು ರಾಜ್ಯಪತ್ರದಲ್ಲಿ ಪ್ರಕಟವಾಗಿರುವುದರಿಂದ ಅಲ್ಲಿಂದಲೇ ಪಡೆಯತಕ್ಕದ್ದು.' ರಾಜ್ಯಪತ್ರ ನಮ್ಮ ಅಟ್ಟದಲ್ಲಿತ್ತು. ಆದರೆ ಅರ್ಜಿಯಲ್ಲಿ ಅವರು ನಕಲು ಕೇಳಿರಲಿಲ್ಲ. 'ಪುಸ್ತಕವನ್ನು ಕಣ್ಣಾರೆ ನೋಡಬೇಕು' ಎಂದು ಬರೆದಿದ್ದರು. ಅದಕ್ಕೆ ಇಲ್ಲ ಎನ್ನುವ ಹಾಗಿಲ್ಲ. ಮಂಗಳವಾರ ಹನ್ನೊಂದು ಗಂಟೆಗೆ ಬರಲು ಪತ್ರ ಹಾಕಿದೆ. ತೆರವಿನ ದಿನ ಅದರ ಮುಂದಿನ ಸೋಮವಾರ.

ಅವರು ಹತ್ತೂ ಮುಕ್ಕಾಲಿಗೆ ಬಂದರು. ನಾನು ಡಬ್ಬಿಯಿಂದ ಬೀಗದಕೈ ತೆಗೆದೆ. ಅವರು ಡಬ್ಬಿಯನ್ನು ನೋಡಿದರು. ಕಪಾಟಿನಿಂದ ಪುಸ್ತಕ ತಂದು ಆ ಪುಟ ತೆರೆದು ಅವರ ಮುಂದಿಟ್ಟೆ. ನಿಯಮದ ಜಾಗದಲ್ಲಿ ನಾನು ಅಂಟಿಸಿದ ಚೀಟಿ, ಪಕ್ಕದಲ್ಲಿ ನನ್ನ ಚಿಕ್ಕ ಸಹಿ. ಅವರು ತುಟಿ ಅಲುಗಿಸುತ್ತ ನಿಧಾನವಾಗಿ ಓದಿದರು. 'ಗಡುವಿನ ನಂತರ ಬಂದ ಅರ್ಜಿಯನ್ನು ತಿರಸ್ಕರಿಸತಕ್ಕದ್ದು' ಎಂಬಲ್ಲಿಗೆ ಚೀಟಿಯ ಅಕ್ಷರ ಮುಗಿಯುತ್ತಿತ್ತು. ಅದರ ಕೆಳಗೆ ನಾಲ್ಕು ಬೆರಳಿನಷ್ಟು ಖಾಲಿ ಕಾಗದ.

"ಕಂಡ್ರಲ್ದಾ? ಇಷ್ಟೇ" ಎಂದೆ.

ಅವರು ಪುಟವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಜ್ಜಿದರು. ಗೇರೆಣ್ಣೆ ತಾಗಿ ಕಪ್ಪಾದ ಬೆರಳುಗಳು. ಆಮೇಲೆ ಪುಸ್ತಕವನ್ನು ಎತ್ತಿ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಮೇಡಮ್ರೆ, ಈ ಖಾಲಿ ಕಾಗ್ದದ್ ಅಡಿಯಗ್ ಅಕ್ಷರ ಇತ್ತ್."

"ಅದು ಹಳೆಯದ್ದು. ರದ್ದಾಗಿದೆ."

"ಎಷ್ಟ್ ರದ್ದ್ ಆದ್ದ್?"

ಬಹಳ ವರ್ಷಗಳ ಹಿಂದೆ ಇನ್ನೊಬ್ಬರು ಇದನ್ನೇ ಕೇಳಿದ್ದರು.

"ಒಂಚೂರ್ ನೀರ್ ಇತ್ತಾ?" ಎಂದು ಕೇಳಿದರು. ನನ್ನ ಬಾಟಲಿ ಕೊಟ್ಟೆ. ಏಕೆ ಕೊಟ್ಟೆ ಎಂದು ಸಾಹೇಬರು ಆಮೇಲೆ ಕೇಳಿದರು, ಕುಡಿಯಲು ಎಂದುಕೊಂಡೆ ಎಂದು ಹೇಳಿದೆ. ಜಲಜಕ್ಕ ಬೆರಳ ತುದಿ ಒದ್ದೆ ಮಾಡಿ ಚೀಟಿಯ ಕೆಳಗಿನ ಮೂಲೆಗೆ ಒತ್ತಿ ಹಿಡಿದರು. ಸ್ವಲ್ಪ ಹೊತ್ತು ಬಿಟ್ಟು ಹೆಬ್ಬೆರಳಿನ ಉಗುರನ್ನು ಒಳಗೆ ತೂರಿಸಿದರು. ಮೂವತ್ತು ವರ್ಷ ಬೀಜ ಮುರಿಯದೆ ಸಿಪ್ಪೆ ಬಿಡಿಸಿದ ಉಗುರು. ಮೈದಾ, ಮೈಲುತುತ್ತು, ರಿಜಿಸ್ಟರಿನ ಭಾರ ಎಲ್ಲವೂ ಸದ್ದಿಲ್ಲದೆ ಬಿಟ್ಟುಕೊಟ್ಟವು. ಚೀಟಿಯೂ ಹರಿಯಲಿಲ್ಲ, ಪುಟವೂ ಹರಿಯಲಿಲ್ಲ. ಖಾಲಿ ಕಾಗದದ ಭಾಗವನ್ನು ಅವರು ಮೇಲಕ್ಕೆ ಮಡಚಿ ಹಿಡಿದರು.

ಕೆಳಗೆ ಆರು ಸಾಲು ಇದ್ದವು. ಅವರು ಗಟ್ಟಿಯಾಗಿ ಓದಿದರು. "ಪರಂತು, ಅರ್ಜಿದಾರರ ಹಿಡಿತಕ್ಕೆ ಮೀರಿದ ಕಾರಣದಿಂದ ವಿಳಂಬವಾಗಿದ್ದಲ್ಲಿ..." ಅಲ್ಲಿ ನಿಲ್ಲಿಸಿ, "ಪರಂತು ಅಂದ್ರ್ ಎಂತ ಮೇಡಮ್ರೆ?" ಎಂದರು.

"ಆದರೆ ಅಂತ" ಎಂದೆ. ಉಳಿದದ್ದನ್ನು ನಾನೇ ಓದಿದೆ. ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಿ ಅಂಥ ಅರ್ಜಿಯನ್ನು ಅಂಗೀಕರಿಸಬಹುದು ಎಂದಿತ್ತು. ತಿದ್ದುಪಡಿ ಬದಲಿಸಿದ್ದು ಮೇಲಿನ ಪ್ಯಾರಾವನ್ನು ಮಾತ್ರ. ಕೆಳಗಿನದ್ದನ್ನು ಯಾರೂ ರದ್ದು ಮಾಡಿರಲಿಲ್ಲ. ಸರ್ಕಾರ ಕಳಿಸಿದ ಕಾಗದವನ್ನು ಕತ್ತರಿಸುವುದು ಸರಿಯಲ್ಲ ಎಂದು ನಾನು ಖಾಲಿ ಭಾಗವನ್ನೂ ಸೇರಿಸಿ ಅಂಟಿಸಿದ್ದೆ. ಏನೂ ಬರೆಯದ ನಾಲ್ಕು ಬೆರಳು ಕಾಗದ ಅಷ್ಟು ವರ್ಷ ಕಾನೂನನ್ನು ಮುಚ್ಚಿಕೊಂಡು ಕೂತಿತ್ತು.

ಅನಿತಾ, ಇದನ್ನು ನೀನು ಓದುತ್ತಿರುವುದರಿಂದ ಸುಳ್ಳು ಬರೆಯುವುದಿಲ್ಲ. ಆಗ ನನ್ನ ಕೈ ಗೋಂದಿನ ಬಾಟಲಿಯ ಕಡೆ ಹೋಯಿತು.

"ಅಂಟ್ಸ್ಬೇಡಿ" ಎಂದರು ಜಲಜಕ್ಕ. ಗಟ್ಟಿಯಾಗಿ ಹೇಳಲಿಲ್ಲ. "ಇದ್ರದ್ದ್ ಒಂದ್ ನಕಲ್ ಕೊಡಿ, ಮುದ್ರಿ ಹಾಕಿ. ಮುದ್ರಿ ಇಲ್ಲದ್ರೆ ನಾ ಹೇಳುದ್ ಯಾರ್ ನಂಬ್ತ್ರ್?"

ಪುಸ್ತಕ ತೆಗೆದುಕೊಂಡು ಸಾಹೇಬರ ಕೋಣೆಗೆ ಹೋದೆ. ಆ ಸಾಹೇಬರು ಕೆಟ್ಟವರಲ್ಲ, ಚಿಕ್ಕ ಪ್ರಾಯದವರು, ಎಲ್ಲರಿಗೂ ಒಳ್ಳೆಯದಾಗಲಿ ಎನ್ನುವ ಜಾತಿ. ಪುಟ ನೋಡಿದರು, ಚೀಟಿಯನ್ನು ಎತ್ತಿ ನೋಡಿದರು, ಪಕ್ಕದ ಸಹಿ ನೋಡಿದರು.

"ಇದು ನಿಮ್ಮದಲ್ವಾ?"

"ಹೌದು ಸರ್."

"ನಿವೃತ್ತಿಗೆ ಎಷ್ಟಿದೆ?"

"ಹದಿನಾಲ್ಕು ತಿಂಗಳು."

ಅವರು ಚೀಟಿಯನ್ನು ಮೆತ್ತಗೆ ಕೆಳಗೆ ಒತ್ತಿದರು. "ಪುಸ್ತಕ ಹೇಗಿತ್ತೋ ಹಾಗೆ ನಕಲು ಕೊಡಿ. ಚೀಟಿ ಕೆಳಗಿರಲಿ. ಅದು ಸುಳ್ಳೇನಲ್ಲ. ಅವರು ಬೇಕಾದರೆ ಮೇಲ್ಮನವಿ ಹೋಗಲಿ. ಎರಡು ವರ್ಷದಲ್ಲಿ ತೀರ್ಮಾನ ಆಗುತ್ತೆ."

"ಸೋಮವಾರ ಮನೆ ತೆಗೀತಾರೆ ಸರ್."

ಅವರು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. ನಾನು ಅದನ್ನು ಎತ್ತಿಕೊಂಡು ಹೊರಗೆ ಬಂದೆ. ಜಲಜಕ್ಕ ಬೋರ್ಡಿನ ಕೆಳಗಿನ ಬೆಂಚಿನಲ್ಲಿ ಕೂತಿದ್ದರು. ನಾನು ಜೆರಾಕ್ಸ್ ಯಂತ್ರದ ಹತ್ತಿರ ಹೋದೆ. ಹೆದರಿಕೆ ಆಯಿತು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಪಿಂಚಣಿ ನಿಂತರೆ ಎಂಬ ಹೆದರಿಕೆ. ಹೊಳ್ಳರು ಬದುಕಿದ್ದಿದ್ದರೆ ಏನನ್ನುತ್ತಿದ್ದರು ಎಂಬ ನಾಚಿಕೆ ಅದಕ್ಕಿಂತ ಹೆಚ್ಚಾಗಿತ್ತು.

ಎರಡು ನಕಲು ತೆಗೆದೆ. ಒಂದು ಚೀಟಿ ಕೆಳಗಿದ್ದದ್ದು, ಇನ್ನೊಂದು ಚೀಟಿ ಮೇಲೆತ್ತಿದ್ದು. ಎರಡಕ್ಕೂ ಮುದ್ರೆ ಹಾಕಿದೆ. ಎರಡನೆಯದರ ಅಡಿಯಲ್ಲಿ ಕೈಯಾರೆ ಬರೆದೆ: 'ಈ ಭಾಗವು ಜಾರಿಯಲ್ಲಿದ್ದು, ತಿದ್ದುಪಡಿ ಚೀಟಿಯನ್ನು ತಪ್ಪಾಗಿ ಅಂಟಿಸಿದ್ದರಿಂದ ಕಚೇರಿಯ ಗಮನಕ್ಕೆ ಬಂದಿರುವುದಿಲ್ಲ. ಅಂಟಿಸಿದವಳು ನಾನು.' ಕೆಳಗೆ ಸಹಿ. ಅಕ್ಷರ ಚೆನ್ನಾಗಿಯೇ ಬಂತು.

ಜಲಜಕ್ಕ ಎರಡನ್ನೂ ಓದಿದರು. "ನಿಮ್ಗ್ ತೊಂದ್ರಿ ಆತ್ತಾ?" ಎಂದು ಕೇಳಿದರು.

"ಆತ್ತ್" ಎಂದೆ.

ಅವರು ತಲೆಯಾಡಿಸಿ ಕಾಗದಗಳನ್ನು ಮಡಚದೆ, ತಂದಿದ್ದ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡರು. ನಾನೇ ಹೊಸ ಅರ್ಜಿ ಬರೆದುಕೊಟ್ಟೆ, ನಾನೇ ಒಳಗೆ ಒಯ್ದೆ. ಮುದ್ರೆ ಬಿದ್ದ ಕಾಗದ ಹೊರಗೆ ಹೋದ ಮೇಲೆ ಸಾಹೇಬರೂ ತಡಮಾಡಲಿಲ್ಲ. ಶುಕ್ರವಾರ ತೆರವಿನ ನೋಟಿಸಿಗೆ ತಡೆ ಬಿತ್ತು. ಅದೇ ಶುಕ್ರವಾರ ನನಗೆ ಕಾರಣ ಕೇಳುವ ನೋಟಿಸು ಬಂತು. ಎರಡಕ್ಕೂ ಒಂದೇ ಟಪಾಲು ಪುಸ್ತಕದಲ್ಲಿ ಮೇಲೆ ಕೆಳಗೆ ನಂಬರು. ನನ್ನ ಸಮಜಾಯಿಷಿ ಒಂದೇ ಸಾಲಿನದು: 'ಪೂರ್ತಿ ಅಂಟು ಬಳಿದದ್ದು ನಿಜ.' ಮುಂದೆ ಎಚ್ಚರದಿಂದಿರಲು ಸೂಚಿಸಿ ವಿಚಾರ ಮುಗಿಸಿದರು. ಮುಂದೆ ನನಗೆ ಉಳಿದಿದ್ದದ್ದೇ ಸ್ವಲ್ಪ.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ನಗುತ್ತ ಹೇಳಬಹುದಿತ್ತು. ಅದೇ ಪುಟ ನೋಡಿ ನಾನು ಬರೆದ ಹಿಂಬರಹಗಳ ಒಂದು ಕಟ್ಟು ಇತ್ತು. ಅದನ್ನು ತೆಗೆಸಿ, ಕಾರಣ ಇರುವವರು ಮತ್ತೆ ಅರ್ಜಿ ಕೊಡಬಹುದು ಎಂದು ಪ್ರತಿಯೊಬ್ಬರಿಗೂ ಪತ್ರ ಹಾಕಿದೆ. ಹೆಚ್ಚಿನವರು ಬಂದರು. ಒಂದು ಲಕೋಟೆ ಮಾತ್ರ 'ವಿಳಾಸದಾರರು ಇಲ್ಲ' ಎಂಬ ಷರಾದೊಂದಿಗೆ ವಾಪಸು ಬಂತು. ಭಾನುವಾರ ಬಸ್ಸು ಹತ್ತಿ ನಾನೇ ಹುಡುಕಿಕೊಂಡು ಹೋದೆ. ಆ ಜಾಗದಲ್ಲಿ ಕಲ್ಲಿನ ಅಡಿಪಾಯ ಮಾತ್ರ ಇತ್ತು. ಪಕ್ಕದ ಮನೆಯ ಹೆಂಗಸು ಬಟ್ಟೆ ಹರವುತ್ತಿದ್ದರು.

"ಅವ್ರ್ ಮನಿ ತೆಗ್ದ್ ಎರ್ಡ್ ಮಳಿಗಾಲ ಆಯ್ತ್. ಬೊಂಬಾಯಿಗೆ ಹೋಯ್ರ್, ಮಗ್ಳ್ ಮನಿಗೆ. ನೀವ್ ಯಾರ್?"

ಕಚೇರಿಯಿಂದ ಎಂದೆ. ಅವರಿಗೆ ಮನೆ ಉಳಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇತ್ತು ಎಂದು ವಿವರಿಸಿದೆ.

"ಈಗ್ ಹೇಳಿರ್ ಎಂತ ಆತ್ತ್?" ಎಂದು ಅವರು ಮತ್ತೊಂದು ಬಟ್ಟೆ ಕೊಡವಿದರು.

ಮುಂಬೈ ವಿಳಾಸ ಅವರಿಗೂ ಗೊತ್ತಿರಲಿಲ್ಲ. ಆ ಲಕೋಟೆ ಈಗಲೂ ನನ್ನ ಹತ್ತಿರ ಇದೆ. ತಪಾಸಣಾ ವರದಿಯ ಆ 'ಅಚ್ಚುಕಟ್ಟು' ಸಾಲಿನ ನಕಲನ್ನೂ ಅದರ ಒಳಗೇ ಹಾಕಿಟ್ಟಿದ್ದೇನೆ.

ನಾನು ಅಂಟಿಸಿದ ಉಳಿದ ಚೀಟಿಗಳ ಕೆಳಗೆ ಏನೇನಿದೆ ಎಂದು ನೋಡಬೇಕಿತ್ತು. ನಾನು ಪ್ರಯತ್ನಿಸಿದೆ, ಮೊದಲ ಎರಡು ಹರಿದವು. ಜಲಜಕ್ಕನಿಗೆ ಹೇಳಿ ಕಳಿಸಿದೆ. ಕಾರ್ಖಾನೆ ರಜೆ ಇದ್ದ ದಿನಗಳಲ್ಲಿ ಅವರು ಬಂದು ನನ್ನ ಮೇಜಿನ ಪಕ್ಕ ಕೂತು ಒಂದೊಂದೇ ಚೀಟಿ ಬಿಡಿಸಿದರು. ನಾನು ಖಾಲಿ ಭಾಗ ಕತ್ತರಿಸಿ, ಅಂಚಿಗೆ ಗೋಂದು ಹಚ್ಚಿ ಮತ್ತೆ ಕೂರಿಸಿದೆ. ಹೊರಗಿನ ವ್ಯಕ್ತಿ ಸರ್ಕಾರಿ ಪುಸ್ತಕ ಮುಟ್ಟುವುದಕ್ಕೆ ಯಾವ ನಿಯಮದಲ್ಲಿ ಅವಕಾಶ ಎಂದು ಒಬ್ಬ ಸಹೋದ್ಯೋಗಿ ಕೇಳಿದರು. ಬೋರ್ಡು ತೋರಿಸಿದೆ.

ಅವರ ಹಕ್ಕುಪತ್ರ ತಯಾರಾಗಿ ಬಂದದ್ದು ನನ್ನ ಸೇವೆಯ ಕೊನೆಯ ವಾರ. ಅದನ್ನು ನಾನೇ ಕೊಡಬೇಕು ಎಂದು ಸಾಹೇಬರು ನನ್ನ ಮೇಜಿಗೆ ಕಳಿಸಿದರು. ಜಲಜಕ್ಕ ಕಾರ್ಖಾನೆಯಿಂದ ನೇರ ಬಂದಿದ್ದರು. ದಪ್ಪ ಕಾಗದ, ಮೇಲೆ ಅವರ ಫೋಟೋ ಅಂಟಿಸಿ ಮುದ್ರೆ ಒತ್ತಿತ್ತು. ಅವರು ಪೂರ್ತಿ ಓದಿದರು. ತಮ್ಮ ಹೆಸರು, ಗಂಡನ ಹೆಸರು, ಸರ್ವೆ ನಂಬರು, ನಾಲ್ಕು ದಿಕ್ಕಿನ ಗಡಿ.

"ಇದ್ರ್ ಅಡಿಯಗ್ ಮತ್ತೆಂತ ಇಲ್ಲ ಅಲ್ದಾ ಮೇಡಮ್ರೆ?"

"ಇಲ್ಲೆ ಜಲಜಕ್ಕ. ಇಷ್ಟೇ."

ಅದೇ ಮೇಜು. ಅದೇ ಮಾತನ್ನು ಅವರಿಗೆ ನಾನು ಹಿಂದೆಯೂ ಹೇಳಿದ್ದೆ. ಅವರು ನನ್ನ ಮುಖ ನೋಡಿ ನಕ್ಕರು. ನಕ್ಕು, ಹಕ್ಕುಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಫೋಟೋದ ಅಂಚಿನ ಸುತ್ತ ಹೆಬ್ಬೆರಳಿನ ಉಗುರನ್ನು ಒಮ್ಮೆ ನಿಧಾನವಾಗಿ ಆಡಿಸಿ ನೋಡಿಕೊಂಡರು.